ಹೊಸಬರ ತಂಡ ವಿದೇಶಕ್ಕೆ ಹೋದರೆ ಗೆಲ್ಲೋದು ಯಾವಾಗ?

ಪ್ರಶ್ನೆ: ದೊಡ್ಡ ಹೆಸರುಗಳನ್ನೆಲ್ಲ ಬಿಟ್ಟು, ಹೊಸ ಹುಡುಗರನ್ನೇ ತುಂಬಿಕೊಂಡು ಒಂದು ದೇಶದ ಕ್ರಿಕೆಟ್ ತಂಡ ವಿದೇಶಕ್ಕೆ ಹೋದರೆ ಯಾರಿಗೆ ಲಾಭ? ಆಸ್ಟ್ರೇಲಿಯಾದ ಗಾಬಾ ಮೈದಾನದಲ್ಲಿ ನಮ್ಮ ಹುಡುಗರು ಗೆದ್ದರು, ನಿಜ. ಆದರೆ ದಕ್ಷಿಣ ಆಫ್ರಿಕಾ ಅಂಥದ್ದೇ ತಂಡ ಕಳಿಸಿ ನ್ಯೂಜಿಲೆಂಡ್‌ನಲ್ಲಿ ಹೀನಾಯವಾಗಿ ಸೋತಿತು. ಇದೆಲ್ಲ ಬರೀ ಅದೃಷ್ಟವಾ? ಇನ್ನೊಂದು ಮಾತು. ನನ್ನ ಮಗ ವೇಗದ ಬೌಲರ್. ಇಲ್ಲಿ ಮ್ಯಾಟ್ ಮೇಲೆ ಚೆನ್ನಾಗಿ ವಿಕೆಟ್ ತೆಗೆಯುತ್ತಾನೆ. ಬೆಂಗಳೂರಿನಲ್ಲಿ ಟರ್ಫ್, ಅಂದರೆ ಹುಲ್ಲು ಮಣ್ಣಿನ ಪಿಚ್ ಮೇಲೆ ಒಂದೇ ಒಂದು ಪಂದ್ಯ ಆಡಿಸಿದರು, ಚೆನ್ನಾಗಿ ಹೊಡೆಸಿಕೊಂಡ. ಆಮೇಲೆ ಕರೆಯಲೇ ಇಲ್ಲ. ಅವನಿಗೆ ಏನು ಹೇಳಲಿ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಅದೃಷ್ಟ ಅಲ್ಲ. ಒಂದು ಟಾಸು, ಒಂದು ಕ್ಯಾಚು ಅದೃಷ್ಟ ಆಗಬಹುದು. ಎರಡು ತಿಂಗಳ ಪ್ರವಾಸ ಬರೀ ಅದೃಷ್ಟದ ಮೇಲೆ ನಡೆಯೋದಿಲ್ಲ.

ನಾನು ಹಾಸನದಲ್ಲಿ ಹುಡುಗರಿಗೆ ಬೌಲಿಂಗ್ ಹೇಳಿಕೊಡುವವನು. ನಿಮ್ಮ ಎರಡು ಪ್ರಶ್ನೆಗೂ ಉತ್ತರ ಒಂದೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಹೊಸಬರನ್ನು ಕಳಿಸೋದು ತಪ್ಪಲ್ಲ. ಮೊದಲ ಪಂದ್ಯದಲ್ಲೇ ಅವರನ್ನು ಅಳೆದು ಮುಗಿಸೋದು ತಪ್ಪು. ಗೊತ್ತಿಲ್ಲದ ನೆಲ ಮೈಗೆ ಒಗ್ಗಲು ಸಮಯ ಬೇಕು. ಆ ಸಮಯ ಸಿಕ್ಕವರು ಯಾರು, ಸಿಗದವರು ಯಾರು ಅಂತ ನೋಡಿದರೆ ನೀವು ಹೇಳಿದ ಗೆಲುವು ಸೋಲುಗಳಲ್ಲಿ ಬಹುಪಾಲು ಅರ್ಥವಾಗುತ್ತದೆ.

ನಮ್ಮ ಕಡೆಯವರಿಂದಲೇ ಶುರು ಮಾಡೋಣ. ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ, 1971ರಲ್ಲಿ. ಹಾಸನ ಜಿಲ್ಲೆಯಲ್ಲಿ ಹುಟ್ಟಿ ಭಾರತಕ್ಕೆ ಟೆಸ್ಟ್ ಆಡಿದ ವೇಗದ ಬೌಲರ್. ಈಗಿನ ಹುಡುಗರಿಗೆ ಈ ಹೆಸರು ಗೊತ್ತಿರೋದಿಲ್ಲ. ಅದು ನನಗೆ ಬೇಸರದ ವಿಷಯ. 1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಇತ್ತು. ಜಾವಗಲ್ ಶ್ರೀನಾಥ್ ಗಾಯಗೊಂಡಿದ್ದರು. ಅವರ ಹೆಸರಿನ ಮುಂದಿರುವ ಜಾವಗಲ್ ಕೂಡ ಅರಸೀಕೆರೆ ತಾಲೂಕಿನ ಊರೇ. ಶ್ರೀನಾಥ್ ಜಾಗಕ್ಕೆ ಜಾನ್ಸನ್ ಬಂದರು. ಮೈಕಲ್ ಸ್ಲೇಟರ್ ಬ್ಯಾಟ್ ಅಂಚಿಗೆ ತಾಗಿದ ಚೆಂಡು ಸ್ಲಿಪ್‌ನಲ್ಲಿ ಅಜರುದ್ದೀನ್ ಕೈ ಸೇರಿತು. ಅದು ಅವರ ಮೊದಲ ವಿಕೆಟ್. ಜಾನ್ಸನ್ ಬೌಲಿಂಗ್‌ನಲ್ಲಿ ನಿಜವಾದ ವೇಗ ಇತ್ತು. ಆ ಕಾಲದ ಭಾರತದಲ್ಲಿ ಅಂಥ ವೇಗ ಇದ್ದವರು ಕಮ್ಮಿ.

ಅದೇ ಡಿಸೆಂಬರ್‌ನಲ್ಲಿ ಅವರನ್ನು ದಕ್ಷಿಣ ಆಫ್ರಿಕಾಕ್ಕೆ ಕರೆದುಕೊಂಡು ಹೋದರು. ಸಚಿನ್ ತೆಂಡೂಲ್ಕರ್ ನಾಯಕ. ಡರ್ಬನ್‌ನಲ್ಲಿ ಮೊದಲ ಟೆಸ್ಟ್. ಪಿಚ್ ತುಂಬಾ ಬೌನ್ಸು, ಎದುರಿಗೆ ವೇಗಿ ಆಲನ್ ಡೊನಾಲ್ಡ್. ಭಾರತ ಮೊದಲ ಇನಿಂಗ್ಸ್‌ನಲ್ಲಿ 100, ಎರಡನೇದರಲ್ಲಿ 66. ಮೂರೇ ದಿನಕ್ಕೆ ಆಟ ಮುಗಿಯಿತು. ಸೋಲು 328 ರನ್‌ಗಳದ್ದು. ಆ ಹನ್ನೊಂದು ಜನರಲ್ಲಿ ಐವರು ಕರ್ನಾಟಕದವರು: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ಜಾನ್ಸನ್.

ಜಾನ್ಸನ್‌ಗೆ ಆ ಪಂದ್ಯದಲ್ಲಿ ಎರಡು ವಿಕೆಟ್ ಸಿಕ್ಕಿತು, ಹರ್ಷೆಲ್ ಗಿಬ್ಸ್ ಮತ್ತು ಬ್ರಯಾನ್ ಮೆಕ್‌ಮಿಲನ್. ಇಬ್ಬರೂ ಸುಮ್ನೆ ಸಿಗುವ ಬ್ಯಾಟ್ಸ್‌ಮನ್‌ಗಳಲ್ಲ. ಆದರೂ ಮುಂದಿನ ಕೇಪ್‌ಟೌನ್ ಟೆಸ್ಟ್‌ಗೆ ಅವರನ್ನು ಕೈಬಿಟ್ಟರು. ಇನ್ನೊಬ್ಬ ಕನ್ನಡಿಗ ದೊಡ್ಡ ಗಣೇಶ್ ಒಳಗೆ ಬಂದರು. ಜಾನ್ಸನ್ ಮತ್ತೆಂದೂ ಟೆಸ್ಟ್ ಆಡಲಿಲ್ಲ. ಎರಡು ಟೆಸ್ಟ್, ಮೂರು ವಿಕೆಟ್, ಅಷ್ಟಕ್ಕೇ ಮುಗಿಯಿತು. ರಣಜಿಯಂಥ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಮಾತ್ರ 39 ಪಂದ್ಯಗಳಲ್ಲಿ 125 ವಿಕೆಟ್ ತೆಗೆದಿದ್ದರು. 2024ರ ಜೂನ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಅದೇ ಡರ್ಬನ್‌ನಲ್ಲಿ ಪ್ರಸಾದ್ ಹತ್ತು ವಿಕೆಟ್ ತೆಗೆದಿದ್ದರು. ಜಾನ್ಸನ್‌ಗಿಂತ ವೇಗ ಕಮ್ಮಿ ಇದ್ದವರು. ಅವರಿಗೆ ಹೇಗೆ ಸಾಧ್ಯವಾಯಿತು? ಪ್ರಸಾದ್ ಟೆಸ್ಟ್‌ಗೆ ಕಾಲಿಟ್ಟಿದ್ದೇ ಆ ವರ್ಷದ ಜೂನ್‌ನಲ್ಲಿ, ಇಂಗ್ಲೆಂಡ್ ಪ್ರವಾಸದಲ್ಲಿ. ಅಲ್ಲಿ ಮೂರು ಟೆಸ್ಟ್‌ಗಳಲ್ಲೂ ಆಡಿದರು. ನಮ್ಮ ಪಿಚ್‌ಗಿಂತ ಎಷ್ಟು ಮುಂದೆ, ಅಂದರೆ ಬ್ಯಾಟ್ಸ್‌ಮನ್ ಹತ್ತಿರಕ್ಕೆ, ಚೆಂಡು ಹಾಕಬೇಕು ಅನ್ನೋದನ್ನು ಅಲ್ಲೇ ಕಲಿತಿದ್ದರು. ಡರ್ಬನ್‌ಗೆ ಬರುವ ಹೊತ್ತಿಗೆ ಅದು ಮೈಗೆ ಹತ್ತಿತ್ತು. ಆರು ತಿಂಗಳ ಹಿಂದೆ ಅವರೂ ಹೊಸಬರೇ ಅಲ್ವಾ?

ಇನ್ನು ದ್ರಾವಿಡ್. ಆ 66 ರನ್‌ಗಳ ಇನಿಂಗ್ಸ್‌ನಲ್ಲಿ ಔಟಾಗದೆ 27 ಮಾಡಿ ನಿಂತವರು ಅವರೊಬ್ಬರೇ. ಅವರಿಗೆ ಎರಡನೇ ಟೆಸ್ಟ್ ಸಿಕ್ಕಿತು. ಮೂರನೇದೂ ಸಿಕ್ಕಿತು. ಜೊಹಾನ್ಸ್‌ಬರ್ಗ್‌ನಲ್ಲಿ ಮೂರನೇ ಕ್ರಮಾಂಕಕ್ಕೆ ಕಳಿಸಿದರು. ಮೊದಲ ಇನಿಂಗ್ಸ್‌ನಲ್ಲಿ 148, ಅವರ ಮೊದಲ ಟೆಸ್ಟ್ ಶತಕ. ಎರಡನೇದರಲ್ಲಿ 81. ಡರ್ಬನ್ ಆದ ಸುಮಾರು ಮೂರು ವಾರದಲ್ಲಿ ಇದು ನಡೆಯಿತು. ಎದುರಿಗೆ ಅದೇ ಡೊನಾಲ್ಡ್. ಜಾನ್ಸನ್‌ಗೂ ಆ ಮೂರು ವಾರ ಕೊಟ್ಟಿದ್ದರೆ ದೊಡ್ಡ ಬೌಲರ್ ಆಗುತ್ತಿದ್ದರು ಅಂತ ನಾನು ಹೇಳೋದಿಲ್ಲ. ಆದರೆ ಆಗುತ್ತಿದ್ದರಾ ಇಲ್ಲವಾ ಅನ್ನೋದಾದರೂ ಗೊತ್ತಾಗುತ್ತಿತ್ತು. ಒಂದು ಪಂದ್ಯ ನೋಡಿ ಅದನ್ನು ಹೇಳೋಕೆ ಬರೋದಿಲ್ಲ.

ಇದು ಹಳೇ ಕಾಲದ ಕಥೆ ಅಂದುಕೊಳ್ಳಬೇಡಿ. 2014ರ ಡಿಸೆಂಬರ್‌ನಲ್ಲಿ ಕೆ.ಎಲ್. ರಾಹುಲ್ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. 3 ರನ್, ಆಮೇಲೆ 1 ರನ್. ಮೊದಲ ಇನಿಂಗ್ಸ್‌ನಲ್ಲಿ ಔಟಾದ ಶಾಟ್ ನೋಡಿ ಬೈಯದವರಿಲ್ಲ. ಮುಂದಿನ ಸಿಡ್ನಿ ಟೆಸ್ಟ್‌ನಲ್ಲೂ ಆಡಿಸಿದರು, ಅದೂ ಆರಂಭಿಕನಾಗಿ. 110 ಹೊಡೆದರು. 2024ರ ಜುಲೈ 6ರಂದು ಹರಾರೆಯಲ್ಲಿ ಅಭಿಷೇಕ್ ಶರ್ಮಾ ಭಾರತಕ್ಕೆ ಮೊದಲ ಟಿ20 ಆಡಿ ಸೊನ್ನೆಗೆ ಔಟಾದರು. ಟಿ20 ವಿಶ್ವಕಪ್ ಗೆದ್ದ ತಂಡದವರಲ್ಲಿ ಬಹುತೇಕರು ವಿಶ್ರಾಂತಿಯಲ್ಲಿದ್ದ ಪ್ರವಾಸ ಅದು. 116 ರನ್ ಬೆನ್ನಟ್ಟಿದ ಭಾರತ 102ಕ್ಕೆ ಆಲೌಟ್. ಮಾರನೇ ದಿನವೇ ಎರಡನೇ ಪಂದ್ಯ. ಅದೇ ಅಭಿಷೇಕ್, ಅದೇ ಮೈದಾನ, 47 ಎಸೆತದಲ್ಲಿ 100. ಸರಣಿ ಭಾರತಕ್ಕೆ 4-1. ನಮ್ಮ ತರೀಕೆರೆ ಪಕ್ಕದ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರದ್ದೂ ಇದೇ ದಾರಿ. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಇನಿಂಗ್ಸ್ ಸೊನ್ನೆ, ಎರಡನೇದು 137. ಅದು ಸ್ವದೇಶದ ಪಂದ್ಯ, ಇರಲಿ.

ಮೊದಲ ಸಲ ಹೋದವನಿಗೆ ಅಲ್ಲಿ ಅಷ್ಟು ಕಷ್ಟ ಆಗೋದು ಯಾಕೆ? ಟಿವಿಯಲ್ಲಿ ನೋಡುವಾಗ ಪಿಚ್ ಪಿಚ್ಚೇ, ಚೆಂಡು ಚೆಂಡೇ. ಕೈಗೆ ತೆಗೆದುಕೊಂಡರೆ ಬೇರೆ.

ಚೆಂಡನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಎಸ್‌ಜಿ ಚೆಂಡು. ಅದರ ಹೊಲಿಗೆ ಕೈಯಲ್ಲಿ ಹಾಕಿದ್ದು, ಎದ್ದು ನಿಂತಿರುತ್ತದೆ. ಬೆರಳಿಗೆ ಚೆನ್ನಾಗಿ ಸಿಗುತ್ತದೆ. ಇಂಗ್ಲೆಂಡ್‌ನ ಡ್ಯೂಕ್ಸ್ ಚೆಂಡಿನ ಹೊಲಿಗೆಯೂ ಕೈಯದ್ದೇ. ಅದು ಜಾಸ್ತಿ ಹೊತ್ತು ಸ್ವಿಂಗ್ ಆಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದಲ್ಲಿ ಕೂಕಬುರಾ. ಅದರ ಹೊರಗಿನ ಹೊಲಿಗೆ ಯಂತ್ರದ್ದು. ಇಪ್ಪತ್ತು ಚಿಲ್ಲರೆ ಓವರ್ ಆಗುವಷ್ಟರಲ್ಲಿ ಹೊಲಿಗೆ ಚಪ್ಪಟೆಯಾಗಿ ಚೆಂಡು ಮಂಕಾಗುತ್ತದೆ. ರಣಜಿಯಲ್ಲಿ ಐವತ್ತನೇ ಓವರ್‌ನಲ್ಲೂ ಹೊಲಿಗೆ ಮೇಲೆ ನಂಬಿಕೆ ಇಟ್ಟು ಹಾಕಿ ಅಭ್ಯಾಸ ಇರುವ ಹುಡುಗ ಅಲ್ಲಿ ಹೋದರೆ, ಹೊಸ ಚೆಂಡಿನ ಹದಿನೈದು ಓವರ್ ಕಳೆದ ಮೇಲೆ ಕೈಯಲ್ಲಿ ಏನೂ ಇಲ್ಲದವನಂತೆ ಆಗುತ್ತಾನೆ. ಆಮೇಲೆ ವಿಕೆಟ್ ತೆಗೆಯೋದು ಹೇಗೆ? ಕ್ರೀಸ್ ಬಳಸಿ ಕೋನ ಬದಲಿಸಬೇಕು. ಫೀಲ್ಡ್ ಇಟ್ಟುಕೊಂಡು ಬೌನ್ಸರ್ ಹಾಕಬೇಕು. ಗಂಟೆಗಟ್ಟಲೆ ಒಂದೇ ಜಾಗಕ್ಕೆ ಹಾಕಿ ಬ್ಯಾಟ್ಸ್‌ಮನ್ ತಾಳ್ಮೆ ಕೆಡಿಸಬೇಕು. ಇದನ್ನು ಯಾರಾದರೂ ಬಾಯಲ್ಲಿ ಹೇಳಬಹುದು. ಕಲಿಯೋದು ಮಾತ್ರ ಓವರ್ ಹಾಕಿ ಹಾಕಿಯೇ.

ಲೆಂತ್, ಅಂದರೆ ಚೆಂಡು ಪಿಚ್ ಮೇಲೆ ಎಲ್ಲಿ ಬೀಳುತ್ತದೆ ಅನ್ನೋ ವಿಷಯ ಇನ್ನೂ ಮುಖ್ಯ. ಸ್ಟಂಪ್‌ನಿಂದ ಆರೇಳು ಮೀಟರ್ ದೂರದಲ್ಲಿ ಬಿದ್ದ ಚೆಂಡು ನಮ್ಮ ಕಡೆಯ ಎಷ್ಟೋ ಪಿಚ್‌ಗಳಲ್ಲಿ ಸ್ಟಂಪ್ ಮೇಲಿನ ಬೇಲ್ಸ್ ಎತ್ತರಕ್ಕೆ ಬರುತ್ತದೆ. ಬ್ರಿಸ್ಬೇನ್‌ನಲ್ಲಿ ಅದೇ ಜಾಗಕ್ಕೆ ಬಿದ್ದ ಚೆಂಡು ಸ್ಟಂಪ್ ಮೇಲೆ ಹಾರಿ ಹೋಗುತ್ತದೆ. ಕೀಪರ್ ಎದೆ ಎತ್ತರಕ್ಕೆ ಹಿಡಿಯುತ್ತಾನೆ, ಸ್ಲಿಪ್‌ನವರು ಓಹೋ ಅನ್ನುತ್ತಾರೆ, ಬೌಲರ್‌ಗೆ ಖುಷಿಯಾಗುತ್ತದೆ. ವಿಕೆಟ್ ಮಾತ್ರ ಬರೋದಿಲ್ಲ. ಬ್ಯಾಟ್ಸ್‌ಮನ್ ಆರಾಮಾಗಿ ಬಿಟ್ಟುಬಿಡುತ್ತಾನೆ. ಆ ಬೌನ್ಸ್‌ನ ಖುಷಿ ಬಿಟ್ಟು ಇನ್ನೂ ಮುಂದೆ ಹಾಕೋಕೆ ಧೈರ್ಯ ಬೇಕು, ಯಾಕೆಂದರೆ ಮುಂದೆ ಹಾಕಿದರೆ ಡ್ರೈವ್ ತಿನ್ನುವ ಭಯ ಇರುತ್ತದೆ. ಹೊಸ ಬೌಲರ್ ಎಡವೋದು ಇಲ್ಲೇ. ಬ್ಯಾಟ್ಸ್‌ಮನ್‌ಗೆ ಇದೇ ತೊಂದರೆ ತಿರುಗಿ ಬರುತ್ತದೆ. ನಮ್ಮಲ್ಲಿ ಮುಂಗಾಲು ಹಾಕಿ ಆಡುವ ಚೆಂಡನ್ನು ಅಲ್ಲಿ ಆಡಲೇಬಾರದು, ಬಿಡಬೇಕು. ಹುಟ್ಟಿದಾಗಿನಿಂದ ಆಡಿದ ಚೆಂಡನ್ನು ಬಿಡಲು ಕಲಿಯೋದು ಒಂದು ವಾರದ ಕೆಲಸ ಅಲ್ಲ.

ಈಗ ಗಾಬಾಕ್ಕೆ ಬರೋಣ. 2021ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಆಡಿದ ತಂಡದ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಎಲ್ಲರೂ ಹೊಸಬರು, ಯಾವುದೋ ಪವಾಡ ನಡೆಯಿತು ಅಂತ. ಹಾಗಲ್ಲ. ಕೊಹ್ಲಿ ಮಗುವಿನ ಜನನಕ್ಕಾಗಿ ಊರಿಗೆ ಹೋಗಿದ್ದರು. ಬುಮ್ರಾ, ಅಶ್ವಿನ್, ಜಡೇಜ, ಶಮಿ, ಉಮೇಶ್ ಯಾದವ್, ವಿಹಾರಿ, ರಾಹುಲ್ ಎಲ್ಲ ಗಾಯಾಳುಗಳು. ಹೊಸದಾಗಿದ್ದು ಬೌಲಿಂಗ್. ಸಿರಾಜ್ ಆಡಿದ್ದು ಎರಡು ಟೆಸ್ಟ್, ಸೈನಿ ಒಂದು. ನಟರಾಜನ್ ಮತ್ತು ವಾಷಿಂಗ್ಟನ್ ಸುಂದರ್‌ಗೆ ಅದೇ ಮೊದಲ ಟೆಸ್ಟ್. ಶಾರ್ದೂಲ್ ಠಾಕೂರ್ 2018ರಲ್ಲಿ ಹೈದರಾಬಾದ್‌ನಲ್ಲಿ ಮೊದಲ ಟೆಸ್ಟ್ ಆಡಿ, ಹತ್ತೇ ಎಸೆತ ಹಾಕಿ, ಗಾಯವಾಗಿ ಹೊರನಡೆದಿದ್ದರು. ಆಮೇಲೆ ಇದೇ ಮೊದಲು. ಬ್ಯಾಟಿಂಗ್‌ನಲ್ಲಿ ಮಾತ್ರ ರಹಾನೆ, ಪೂಜಾರ, ರೋಹಿತ್ ಇದ್ದರು.

ಆ ಹುಡುಗರಿಗೆ ಏನು ಸಿಕ್ಕಿತ್ತು ನೋಡಿ. ತಂಡ ಆಸ್ಟ್ರೇಲಿಯಾದಲ್ಲಿ ಇಳಿದದ್ದು ನವೆಂಬರ್ ಮಧ್ಯದಲ್ಲಿ. ಗಾಬಾ ಟೆಸ್ಟ್ ಶುರುವಾದದ್ದು ಜನವರಿ 15ಕ್ಕೆ. ಎರಡು ತಿಂಗಳು ಅವರು ಆ ನೆಲದ ಮೇಲೆ, ಆ ಚೆಂಡಿನ ಜೊತೆ ಇದ್ದರು. ನಟರಾಜನ್, ಸುಂದರ್ ಇಬ್ಬರನ್ನೂ ಟೆಸ್ಟ್ ಸರಣಿಗೆ ಉಳಿಸಿಕೊಂಡಿದ್ದೇ ನೆಟ್ಸ್‌ನಲ್ಲಿ ಬೌಲಿಂಗ್ ಮಾಡಲಿ ಅಂತ. ದಿನಾ ಅಲ್ಲಿ ಪೂಜಾರಗೆ, ರಹಾನೆಗೆ ಚೆಂಡು ಹಾಕಿದರು. ಸುಂದರ್ 2017ರಿಂದ ಪ್ರಥಮ ದರ್ಜೆ ಪಂದ್ಯವನ್ನೇ ಆಡಿರಲಿಲ್ಲ. ಆದರೂ ಸಿದ್ಧವಾಗಿದ್ದರು. ಸಿರಾಜ್ ಮತ್ತು ಗಿಲ್ ಭಾರತ ಎ, ಅಂದರೆ ದೇಶದ ಎರಡನೇ ಸಾಲಿನ ತಂಡದಲ್ಲಿ ಪಳಗಿದವರು. 2018ರಲ್ಲಿ ಆಸ್ಟ್ರೇಲಿಯಾ ಎ ವಿರುದ್ಧ ಬೆಂಗಳೂರಿನಲ್ಲಿ ಸಿರಾಜ್ 59 ರನ್‌ಗೆ 8 ವಿಕೆಟ್ ತೆಗೆದಿದ್ದರು. 2019ರಲ್ಲಿ ಗಿಲ್ ಭಾರತ ಎ ಪರ ವೆಸ್ಟ್ ಇಂಡೀಸ್‌ನಲ್ಲಿ ದ್ವಿಶತಕ ಹೊಡೆದಿದ್ದರು. ಆ ಎ ತಂಡದ ಕೋಚ್ ಆಗಿ ವರ್ಷಗಟ್ಟಲೆ ದುಡಿದವರು ದ್ರಾವಿಡ್. ಡರ್ಬನ್‌ನಿಂದ ಜೊಹಾನ್ಸ್‌ಬರ್ಗ್‌ವರೆಗಿನ ದಾರಿ ಅವರಿಗೆ ಗೊತ್ತಿತ್ತಲ್ಲ. ಎ ಪ್ರವಾಸಕ್ಕೆ ಹೋದ ಪ್ರತಿಯೊಬ್ಬ ಹುಡುಗನಿಗೂ ಆಡಲು ಅವಕಾಶ ಸಿಗಬೇಕು ಅಂತ ಅವರು ಹಟ ಹಿಡಿದಿದ್ದರ ಹಿಂದೆ ಅದೂ ಇದೆ ಅಂತ ನಾನು ನಂಬಿದ್ದೇನೆ.

ಗಾಬಾದ ಎರಡನೇ ಇನಿಂಗ್ಸ್‌ನಲ್ಲಿ ಸಿರಾಜ್ 73ಕ್ಕೆ 5 ವಿಕೆಟ್ ತೆಗೆದರು. ಅದರಲ್ಲಿ ಸ್ಟೀವ್ ಸ್ಮಿತ್ ವಿಕೆಟ್ ಇನ್ನೊಮ್ಮೆ ನೋಡಿ. ಸ್ಮಿತ್ 55 ಮಾಡಿ ನಿಂತಿದ್ದರು. ಲೆಂತ್‌ನಿಂದ ಎದ್ದ ಚೆಂಡು ಗ್ಲೌಸ್‌ಗೆ ತಾಗಿ ಗಲ್ಲಿಯಲ್ಲಿ ರಹಾನೆ ಕೈ ಸೇರಿತು. ಆ ಪಿಚ್ ಮೇಲೆ ಎಲ್ಲಿ ಬಿದ್ದರೆ ಚೆಂಡು ಏಳುತ್ತದೆ ಅಂತ ಗೊತ್ತಾದ ಮೇಲೆ ಮಾತ್ರ ಹಾಕಬಹುದಾದ ಚೆಂಡು ಅದು. ಸಿರಾಜ್ ತಂದೆ ಪ್ರವಾಸದ ಶುರುವಿನಲ್ಲೇ ತೀರಿಕೊಂಡಿದ್ದರು. ಊರಿಗೆ ಹೋಗದೆ ಉಳಿದಿದ್ದರು ಹುಡುಗ. ಅದನ್ನು ನೆನೆದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಬ್ಯಾಟಿಂಗ್‌ನಲ್ಲಿ ಎಲ್ಲರೂ ಪಂತ್ ಹೊಡೆದ 89 ನೆನಪಿಟ್ಟುಕೊಂಡಿದ್ದಾರೆ. ಗಿಲ್ ಅವರ 91 ಕೂಡ. ನಾನು ನನ್ನ ಹುಡುಗರಿಗೆ ತೋರಿಸೋದು ಪೂಜಾರ ಅವರ 56. ಅದಕ್ಕೆ 211 ಎಸೆತ ಬೇಕಾಯಿತು. ಹೆಲ್ಮೆಟ್ಟಿಗೆ, ಪಕ್ಕೆಲುಬಿಗೆ, ಬೆರಳಿಗೆ ಚೆಂಡು ಬಡಿಯುತ್ತಲೇ ಇತ್ತು. ಒಂದು ಸಲ ಬೆರಳಿಗೆ ಬಿದ್ದಾಗ ಬ್ಯಾಟ್ ಎಸೆದು ನೆಲಕ್ಕೆ ಮಲಗಿದರು. ಎದ್ದು ಮತ್ತೆ ಆಡಿದರು. ಆ ಕಡೆ ಒಬ್ಬರು ಹಾಗೆ ನಿಂತಿದ್ದರಿಂದ ಈ ಕಡೆ ಹುಡುಗರು ಧೈರ್ಯವಾಗಿ ಹೊಡೆದರು. 328ರ ಗುರಿ ಮುಟ್ಟಿದಾಗ ಇನ್ನೂ ಮೂರು ವಿಕೆಟ್ ಬಾಕಿ ಇತ್ತು. 1988ರ ನಂತರ ಆಸ್ಟ್ರೇಲಿಯಾ ಗಾಬಾದಲ್ಲಿ ಟೆಸ್ಟ್ ಸೋತಿರಲೇ ಇಲ್ಲ. ಹೊಸಬರ ತಂಡ ಅಂದರೆ ಹನ್ನೊಂದು ಜನ ಹೊಸಬರು ಅಂತ ಅಲ್ಲ. ಒಬ್ಬಿಬ್ಬರು ಹಳಬರು ಸರಿಯಾದ ಜಾಗದಲ್ಲಿ ಇರಲೇಬೇಕು.

ಇನ್ನು ನೀವು ಕೇಳಿದ ದಕ್ಷಿಣ ಆಫ್ರಿಕಾ. 2024ರ ಫೆಬ್ರವರಿ. ಅವರ ದೇಶದ ಟಿ20 ಲೀಗ್ ಎಸ್‌ಎ20 ಅದೇ ಹೊತ್ತಿಗೆ ನಡೆಯುತ್ತಿತ್ತು. ಮುಖ್ಯ ಆಟಗಾರರೆಲ್ಲ ಲೀಗ್‌ನಲ್ಲಿ ಉಳಿದರು. ನ್ಯೂಜಿಲೆಂಡ್‌ಗೆ ಹೋದ 14 ಜನರಲ್ಲಿ 7 ಮಂದಿ ಒಂದೂ ಟೆಸ್ಟ್ ಆಡದವರು. ನಾಯಕ ನೀಲ್ ಬ್ರ್ಯಾಂಡ್‌ಗೂ ಅದೇ ಮೊದಲ ಟೆಸ್ಟ್. ಮೌಂಟ್ ಮಾಂಗನೂಯಿಯಲ್ಲಿ ಆರು ಜನ ಒಟ್ಟಿಗೆ ಟೆಸ್ಟ್‌ಗೆ ಕಾಲಿಟ್ಟರು. ಬೆಂಗಳೂರು ಮೂಲದ ಕುಟುಂಬದ ಹುಡುಗ ರಚಿನ್ ರವೀಂದ್ರ ಅವರ ಮೇಲೆ 240 ಹೊಡೆದರು. 281 ರನ್‌ಗಳ ಸೋಲು. ಪತ್ರಿಕೆಗಳು ಅಲ್ಲಿಗೇ ತೀರ್ಪು ಬರೆದುಬಿಟ್ಟವು.

ಮುಂದಿನ ವಾರ ಹ್ಯಾಮಿಲ್ಟನ್‌ನಲ್ಲಿ ಏನಾಯಿತು ಅಂತ ಜಾಸ್ತಿ ಜನ ನೋಡಲಿಲ್ಲ. ಅದೇ ತಂಡ ಮೊದಲ ಇನಿಂಗ್ಸ್‌ನಲ್ಲಿ 242 ಮಾಡಿ ನ್ಯೂಜಿಲೆಂಡ್ ಅನ್ನು 211ಕ್ಕೆ ಕಟ್ಟಿಹಾಕಿತು. ಆಫ್ ಸ್ಪಿನ್ನರ್ ಡೇನ್ ಪೀಟ್‌ಗೆ 5 ವಿಕೆಟ್. ಎರಡನೇ ಇನಿಂಗ್ಸ್‌ನಲ್ಲಿ ಡೇವಿಡ್ ಬೆಡಿಂಗ್‌ಹ್ಯಾಮ್ 110. ಕೊನೆಗೆ ಕೇನ್ ವಿಲಿಯಮ್ಸನ್ ಔಟಾಗದೆ 133 ಮಾಡಿ ಪಂದ್ಯ ಕಿತ್ತುಕೊಂಡರು. ಏಳು ವಿಕೆಟ್ ಸೋಲು. ಆದರೂ ಒಂದೇ ವಾರದಲ್ಲಿ ಎಷ್ಟು ದೂರ ಬಂದರು ನೋಡಿ. ಮೂರನೇ ಟೆಸ್ಟ್ ಇರಲಿಲ್ಲ. ಪ್ರವಾಸ ಅಲ್ಲಿಗೆ ಮುಗಿಯಿತು. ಆ ಹುಡುಗರಲ್ಲಿ ದಮ್ ಇಲ್ಲ ಅಂತ ನಾನು ಒಪ್ಪೋದಿಲ್ಲ. ಅವರಿಗೆ ಸಮಯ ಇರಲಿಲ್ಲ.

ಇದರ ಪಕ್ಕದಲ್ಲಿ 2021ರ ವೆಸ್ಟ್ ಇಂಡೀಸ್ ತಂಡವನ್ನು ಇಡಿ. ಕೋವಿಡ್ ಭಯ, ಸ್ವಂತ ಕಾರಣ ಅಂತ ಹನ್ನೆರಡು ಆಟಗಾರರು ಬಾಂಗ್ಲಾದೇಶಕ್ಕೆ ಬರೋದಿಲ್ಲ ಎಂದರು. ಹೋದವರು ಎರಡನೇ ಸಾಲಿನವರು. ಏಕದಿನ ಸರಣಿಯ ಮೊದಲ ಪಂದ್ಯದಲ್ಲೇ 122ಕ್ಕೆ ಆಲೌಟ್, ಸರಣಿ 0-3. ಮನೆಗೆ ಕಳಿಸಿ ಅಂದವರೇ ಎಲ್ಲ. ಆ ಏಕದಿನ ಪಂದ್ಯಗಳಲ್ಲಿ ಆಡಿದ್ದ ಕೈಲ್ ಮೇಯರ್ಸ್, ವಾರಗಟ್ಟಲೆ ಆ ನಿಧಾನದ ಪಿಚ್‌ಗಳ ಮೇಲೆ ಸ್ಪಿನ್ ನೋಡಿಕೊಂಡಿದ್ದರು. ಚಟ್ಟೋಗ್ರಾಮದಲ್ಲಿ ತಮ್ಮ ಮೊದಲ ಟೆಸ್ಟ್‌ನಲ್ಲೇ, ನಾಲ್ಕನೇ ಇನಿಂಗ್ಸ್‌ನಲ್ಲಿ, ಔಟಾಗದೆ 210 ಹೊಡೆದರು. ಜೊತೆಗೆ ನಿಂತ ಎನ್‌ಕ್ರುಮಾ ಬಾನರ್‌ಗೂ ಅದು ಮೊದಲ ಟೆಸ್ಟ್. ಗುರಿ 395, ಮೂರು ವಿಕೆಟ್ ಬಾಕಿ ಇರುವಾಗ ಗೆಲುವು. ಮೀರ್‌ಪುರದಲ್ಲಿ ಇನ್ನೊಂದು ಗೆಲುವು, 17 ರನ್‌ಗಳಿಂದ. ಸರಣಿ 2-0. ಅಲ್ಲೂ ಬ್ರಾಥ್‌ವೇಟ್, ಕೆಮಾರ್ ರೋಚ್, ಗೇಬ್ರಿಯಲ್ ಥರದ ಹಳಬರು ಇದ್ದರು.

ಯಾರಿಗೆ ಲಾಭ ಅಂತ ಕೇಳಿದಿರಿ. ಸತ್ಯ ಹೇಳಬೇಕು ಅಂದರೆ, ಕೆಲವು ಸಲ ಮಂಡಳಿಯ ಲೆಕ್ಕಪತ್ರಕ್ಕೆ ಮಾತ್ರ. ದಕ್ಷಿಣ ಆಫ್ರಿಕಾ 2025ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್ ಆಯಿತು. ಆ ಹನ್ನೊಂದರಲ್ಲಿ ಬೆಡಿಂಗ್‌ಹ್ಯಾಮ್ ಇದ್ದರು. ಮೌಂಟ್ ಮಾಂಗನೂಯಿಯಲ್ಲಿ ಮೊದಲ ಬಾರಿ ಆಡಿದ ಆರರಲ್ಲಿ ಒಬ್ಬರೂ ಇರಲಿಲ್ಲ. ಬರೀ ತೂತು ಮುಚ್ಚಲು ಕಳಿಸಿದರೆ ಹೀಗೇ ಆಗೋದು. ಹುಡುಗನ ಹೆಸರಿನ ಮುಂದೆ ಟೆಸ್ಟ್ ಆಟಗಾರ ಅಂತ ಬರುತ್ತದೆ, ಆಟ ಅಲ್ಲೇ ನಿಲ್ಲುತ್ತದೆ. ಇದು ನನಗೆ ಸಿಟ್ಟು ತರಿಸುವ ವಿಷಯ.

ಆತಿಥೇಯ ದೇಶಕ್ಕೂ ಬೇಸರ ಆಗೋದು ಸಹಜ. 2021ರಲ್ಲಿ ಮುಖ್ಯ ತಂಡ ಇಂಗ್ಲೆಂಡ್‌ನಲ್ಲಿದ್ದಾಗ ಭಾರತ ಶಿಖರ್ ಧವನ್ ನಾಯಕತ್ವದಲ್ಲಿ ಇನ್ನೊಂದು ತಂಡವನ್ನು ಶ್ರೀಲಂಕಾಕ್ಕೆ ಕಳಿಸಿತು. ಶ್ರೀಲಂಕಾದ ಮಾಜಿ ನಾಯಕ ಅರ್ಜುನ ರಣತುಂಗ ಅದನ್ನು ಅವಮಾನ ಎಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಆದರೆ ಆ ಪ್ರವಾಸ ಸುಮ್ನೆ ಮಾಡಿದ್ದಲ್ಲ. ಕೋಚ್ ದ್ರಾವಿಡ್. ಮೂರನೇ ಏಕದಿನದಲ್ಲಿ ಐವರಿಗೆ ಒಟ್ಟಿಗೆ ಅವಕಾಶ ಕೊಟ್ಟರು, ಅದರಲ್ಲಿ ನಮ್ಮ ಕೆ. ಗೌತಮ್ ಒಬ್ಬರು. ಆಮೇಲೆ ತಂಡದಲ್ಲಿ ಕೋವಿಡ್ ಕಾಣಿಸಿಕೊಂಡು ಒಂಬತ್ತು ಆಟಗಾರರು ಕೋಣೆ ಸೇರಿದರು. ದೇವದತ್ತ ಪಡಿಕ್ಕಲ್ ಸೇರಿ ನಾಲ್ವರು ಎರಡನೇ ಟಿ20ಯಲ್ಲಿ ಒಟ್ಟಿಗೆ ಮೊದಲ ಪಂದ್ಯ ಆಡಿದರು. ಕೊನೆಯ ಪಂದ್ಯದಲ್ಲಿ ಭಾರತ ಮಾಡಿದ್ದು 8 ವಿಕೆಟ್‌ಗೆ 81. ಅಲ್ಲೂ ಒಗ್ಗಿಕೊಳ್ಳಲು ದಿನಗಳೇ ಇರಲಿಲ್ಲ.

ನನ್ನ ಮಾತಿಗೆ ಎದುರು ನಿಲ್ಲುವ ಒಂದು ಉದಾಹರಣೆಯೂ ಇದೆ. 2014ರ ಆಗಸ್ಟ್‌ನಲ್ಲಿ ಇಂಗ್ಲೆಂಡ್‌ನ ವರ್ಮ್ಸ್‌ಲಿಯಲ್ಲಿ ನಮ್ಮ ಮಹಿಳಾ ತಂಡ ಎಂಟು ವರ್ಷದ ನಂತರ ಟೆಸ್ಟ್ ಆಡಿತು. ಎಂಟು ಜನರಿಗೆ ಅದೇ ಮೊದಲ ಟೆಸ್ಟ್. ಇಂಗ್ಲೆಂಡ್ ಅನ್ನು ಮೊದಲ ಇನಿಂಗ್ಸ್‌ನಲ್ಲಿ 92ಕ್ಕೆ ಉರುಳಿಸಿ, ಆರು ವಿಕೆಟ್‌ಗಳಿಂದ ಗೆದ್ದರು. ಆ ಎಂಟರಲ್ಲಿ ಹರ್ಮನ್‌ಪ್ರೀತ್ ಥರದವರು ಆಗಲೇ ವರ್ಷಗಟ್ಟಲೆ ಭಾರತಕ್ಕೆ ಏಕದಿನ ಆಡಿದ್ದರು. ಮಿಥಾಲಿ, ಝೂಲನ್ ಪಕ್ಕದಲ್ಲಿದ್ದರು. ಪಟ್ಟಿಯಲ್ಲಿ ಸೊನ್ನೆ ಟೆಸ್ಟ್ ಅಂತ ಇದ್ದ ಮಾತ್ರಕ್ಕೆ ಅನುಭವ ಇಲ್ಲ ಅಂತ ಅಲ್ಲ. ನಿಮ್ಮ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿಯನ್ನೇ ನೋಡಿ. 2011ರಲ್ಲಿ, ಹದಿನೆಂಟನೇ ವಯಸ್ಸಿಗೆ, ಇಂಗ್ಲೆಂಡ್‌ನ ಡರ್ಬಿಯಲ್ಲಿ ಮೊದಲ ಏಕದಿನ ಆಡಿ 51 ಹೊಡೆದರು. ಕಡೂರು ಬಿಟ್ಟು ಬೆಂಗಳೂರಿಗೆ ಹೋಗಿ ಅಲ್ಲಿನ ಆಟಕ್ಕೆ ಒಗ್ಗಿಕೊಂಡ ವರ್ಷಗಳು ಅದರ ಹಿಂದೆ ಇದ್ದವು.

ಮೊದಲೆಲ್ಲ ಪ್ರವಾಸವೇ ಶಾಲೆಯಾಗಿತ್ತು. 1932ರಲ್ಲಿ ಭಾರತದ ಮೊದಲ ಟೆಸ್ಟ್ ತಂಡ ಇಂಗ್ಲೆಂಡ್‌ಗೆ ಹೋದಾಗ ಆಡಿದ ಟೆಸ್ಟ್ ಒಂದೇ. ಪ್ರಥಮ ದರ್ಜೆ ಪಂದ್ಯಗಳು 26. ಕೌಂಟಿ ತಂಡಗಳ ಜೊತೆ ಆಡಿ ಆಡಿ ಹುಡುಗರು ಆ ಹವೆ, ಆ ನೆಲ ಕಲಿಯುತ್ತಿದ್ದರು. ಈಗ ಅಭ್ಯಾಸ ಪಂದ್ಯವೇ ಅಪರೂಪ. ವಿಮಾನ ಇಳಿದು ವಾರಕ್ಕೇ ಟೆಸ್ಟ್. ಆ ಜಾಗ ತುಂಬಬೇಕಾದದ್ದು ಎ ತಂಡದ ಪ್ರವಾಸಗಳು.

2025ರ ಇಂಗ್ಲೆಂಡ್ ಪ್ರವಾಸ ನೀವೂ ನೋಡಿದ್ದೀರಿ. ರೋಹಿತ್, ಕೊಹ್ಲಿ, ಅಶ್ವಿನ್ ಇಲ್ಲ. ಗಿಲ್ ಹೊಸ ನಾಯಕ. ಹೆಡಿಂಗ್ಲಿಯಲ್ಲಿ ಐದು ಶತಕ ಹೊಡೆದೂ ಸೋತರು. ಕೊನೆಯ 7 ವಿಕೆಟ್ 41 ರನ್‌ಗೆ, ಎರಡನೇ ಸಲ ಕೊನೆಯ 6 ವಿಕೆಟ್ 31ಕ್ಕೆ ಉದುರಿದವು. ಕ್ಯಾಚುಗಳು ಕೈಯಿಂದ ಜಾರಿದವು. ಇಂಗ್ಲೆಂಡ್ 371 ಬೆನ್ನಟ್ಟಿ ಗೆದ್ದಿತು. ನಮ್ಮ ಪ್ರಸಿದ್ಧ ಕೃಷ್ಣ ಅಲ್ಲಿ ಜಾಸ್ತಿ ಶಾರ್ಟ್, ಅಂದರೆ ಬ್ಯಾಟ್ಸ್‌ಮನ್‌ನಿಂದ ದೂರದಲ್ಲಿ ಬೀಳುವ ಚೆಂಡು ಹಾಕಿ, ಮೊದಲ ಇನಿಂಗ್ಸ್‌ನ 20 ಓವರ್‌ನಲ್ಲಿ 128 ರನ್ ಕೊಟ್ಟರು. ಎಜ್‌ಬಾಸ್ಟನ್‌ನ ಎರಡನೇ ಟೆಸ್ಟ್ ನಂತರ ಹೊರಗೆ ಕೂರಿಸಿದರು. ಆದರೆ ಇದು ಐದು ಟೆಸ್ಟ್‌ಗಳ ಸರಣಿ. ಓವಲ್‌ನ ಕೊನೆಯ ಟೆಸ್ಟ್‌ಗೆ ಮತ್ತೆ ಕರೆದರು. ಚೆಂಡು ಮುಂದೆ ಬೀಳತೊಡಗಿತು. 62ಕ್ಕೆ 4, 126ಕ್ಕೆ 4. ಸಿರಾಜ್ ಜೊತೆ ಸೇರಿ 6 ರನ್‌ಗಳಿಂದ ಪಂದ್ಯ ಗೆಲ್ಲಿಸಿದರು, ಸರಣಿ 2-2. ಅದೇ ಪ್ರವಾಸ ಎರಡು ಟೆಸ್ಟ್‌ಗೆ ಮುಗಿದಿದ್ದರೆ ಪ್ರಸಿದ್ಧ ಬಗ್ಗೆ ಏನು ಬರೆಯುತ್ತಿದ್ದರು, ಹೇಳಿ? ಕರುಣ್ ನಾಯರ್ ವಿಷಯದಲ್ಲಿ ಇದು ಉಲ್ಟಾ ಆಗಿತ್ತು. 2016ರಲ್ಲಿ ಔಟಾಗದೆ 303 ಹೊಡೆದ ಹುಡುಗ 2018ರ ಇಂಗ್ಲೆಂಡ್ ಪ್ರವಾಸ ಪೂರ್ತಿ ಬೆಂಚಿನ ಮೇಲೆ ಕೂತರು. ಮಧ್ಯದಲ್ಲಿ ಬಂದ ವಿಹಾರಿಗೆ ಓವಲ್‌ನಲ್ಲಿ ಅವಕಾಶ ಸಿಕ್ಕಿತು. ಕರೆದುಕೊಂಡು ಹೋಗಿ ಆಡಿಸದೇ ಇರೋದು ಕರೆಯದೇ ಇರೋದಕ್ಕಿಂತ ಕ್ರೂರ ಅಂತ ನನ್ನ ಅಭಿಪ್ರಾಯ.

ಈಗ ನಿಮ್ಮ ಮಗ. ಅವನಿಗೆ ಬೆಂಗಳೂರಿನ ಆ ಪಂದ್ಯವೇ ವಿದೇಶ ಪ್ರವಾಸ. ನಮ್ಮ ಎರಡೂ ಜಿಲ್ಲೆಯ ಬಹಳಷ್ಟು ಹುಡುಗರು ಬೆಳೆಯೋದು ತೆಂಗಿನ ನಾರಿನ ಮ್ಯಾಟ್ ಮೇಲೆ. ಮ್ಯಾಟ್‌ನಲ್ಲಿ ಚೆಂಡು ಕಚ್ಚಿ ಏಳುತ್ತದೆ. ಸ್ವಲ್ಪ ಶಾರ್ಟ್ ಹಾಕಿದರೂ ಎದೆಗೆ ಬರುತ್ತದೆ, ಬ್ಯಾಟ್ಸ್‌ಮನ್ ಹೆದರುತ್ತಾನೆ. ಹಾಗಾಗಿ ಇಲ್ಲಿ ವಿಕೆಟ್ ತೆಗೆಯುವ ವೇಗದ ಹುಡುಗರಲ್ಲಿ ಹೆಚ್ಚಿನವರ ಲೆಂತ್ ತಾನಾಗೇ ಹಿಂದಕ್ಕೆ ಹೋಗಿರುತ್ತದೆ. ಟರ್ಫ್ ಮೇಲೆ ಅದೇ ಚೆಂಡು ಸೊಂಟದ ಎತ್ತರಕ್ಕೆ ಬಂದು ಪುಲ್ ಶಾಟ್‌ಗೆ ಸಿಗುತ್ತದೆ. ಅವನು ಹೊಡೆಸಿಕೊಂಡದ್ದು ಬಹುಶಃ ಹೀಗೇ. ಯಾವ ಕಡೆ ಬೌಂಡರಿ ಹೋದವು ಅಂತ ಕೇಳಿ. ಮಿಡ್‌ವಿಕೆಟ್, ಸ್ಕ್ವೇರ್ ಲೆಗ್ ಅಂದರೆ ಲೆಂತ್‌ನದ್ದೇ ತೊಂದರೆ. ಪ್ರತಿಭೆ ಇಲ್ಲ ಅನ್ನೋದಕ್ಕೆ ಅದು ಸಾಕ್ಷಿಯಲ್ಲ.

ಇನ್ನೊಂದನ್ನು ಪೋಷಕರು ಗಮನಿಸೋದಿಲ್ಲ. ಶೂ. ಮ್ಯಾಟ್ ಮೇಲೆ ಸ್ಪೈಕ್ಸ್ ಹಾಕೋ ಹಾಗಿಲ್ಲ, ಹುಡುಗರು ರಬ್ಬರ್ ಸೋಲಿನ ಶೂನಲ್ಲೇ ಓಡುತ್ತಾರೆ. ಟರ್ಫ್ ಮೇಲೆ ಅದೇ ಶೂ ಹಾಕಿದರೆ ಮುಂಗಾಲು ಜಾರುತ್ತದೆ. ಜಾರುವ ಭಯಕ್ಕೆ ಹುಡುಗ ಕಾಲು ಮೆಲ್ಲಗೆ ಊರುತ್ತಾನೆ. ವೇಗ ಅಲ್ಲೇ ಹೋಯಿತು. ಮೊದಲ ಸಲ ಸ್ಪೈಕ್ಸ್ ಹಾಕಿಕೊಂಡು ನೇರ ಪಂದ್ಯಕ್ಕೆ ಇಳಿದರೂ ರನ್‌ಅಪ್ ತಪ್ಪುತ್ತದೆ, ನೋಬಾಲ್ ಬೀಳುತ್ತವೆ. ನಾನು ಹೇಳಿಕೊಡುವ ಹುಡುಗರಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಅವನಿಗೆ ಹೇಳಿ, ಒಂದು ಪಂದ್ಯದಿಂದ ಏನೂ ತೀರ್ಮಾನ ಆಗಿಲ್ಲ ಅಂತ. ಕರೆಯದೇ ಇರೋದು ಅವರ ಕೈಯಲ್ಲಿದೆ. ಎರಡನೇ ಪಂದ್ಯ ಎಲ್ಲಾದರೂ ಹುಡುಕೋದು ನಿಮ್ಮ ಕೈಯಲ್ಲಿದೆ. ಮಲೆನಾಡಿನ ಮಳೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಹೇಗೂ ಸಿಗೋದಿಲ್ಲ. ಆ ತಿಂಗಳುಗಳಲ್ಲಿ ಓಟ, ಬೆನ್ನು ಮತ್ತು ತೊಡೆಯ ಬಲ, ಒಳಾಂಗಣದಲ್ಲಿ ಸ್ಟಂಪ್‌ನಿಂದ ನಾಲ್ಕೈದು ಮೀಟರ್ ದೂರದ ಜಾಗಕ್ಕೆ ಗುರುತು ಇಟ್ಟು ಬೌಲಿಂಗ್. ಮಳೆ ನಿಂತ ಮೇಲೆ ಟರ್ಫ್ ನೆಟ್ಸ್ ಇರುವ ಊರಿಗೆ ಕರೆದುಕೊಂಡು ಹೋಗಿ, ಒಂದು ದಿನಕ್ಕಲ್ಲ, ಕೆಲವು ವಾರಕ್ಕೆ. ಸ್ಪೈಕ್ಸ್ ಕೊಡಿಸಿ, ರನ್‌ಅಪ್ ಹೊಸದಾಗಿ ಅಳೆಸಿ. ಪಂದ್ಯದಲ್ಲಿ ಬಳಸುವ ಚೆಂಡಿನಲ್ಲೇ ಹಾಕಲಿ. ಸಣ್ಣ ಲೀಗ್ ತಂಡ ಆದರೂ ಪರವಾಗಿಲ್ಲ, ಟರ್ಫ್ ಮೇಲೆ ಸಾಲಾಗಿ ಐದಾರು ಪಂದ್ಯ ಆಡಲಿ. ಅದಾದ ಮೇಲೆ ನನಗೆ ಇನ್ನೊಮ್ಮೆ ಬರೆಯಿರಿ. ಲೆಗ್ ಸೈಡಿಗೆ ಎಷ್ಟು ಬೌಂಡರಿ ಹೋದವು ಅನ್ನೋದನ್ನು ಮರೆಯದೆ ಬರೆಯಿರಿ.